ಮಂಗಳಂ ಮಾಮಿಯ ಅಮಾವಾಸ್ಯೆ

ಬರ್ ದುಬೈನಿಂದ ಅಬುಧಾಬಿಗೆ ಹೋಗುವ ಮಿನಿಬಸ್ಸಿಗೆ ಆಗ ಹದಿನೈದು ದಿರ್ಹಂ. ಸೀಟು ತುಂಬುವವರೆಗೆ ಡ್ರೈವರ್ ಗಾಡಿ ಎತ್ತುವುದಿಲ್ಲ, ತುಂಬಿದ ಮೇಲೂ ಇನ್ನೊಬ್ಬ ಸಿಕ್ಕಾನು ಎಂದು ಕತ್ತು ಚಾಚಿ ನೋಡುತ್ತಿರುತ್ತಾನೆ. ಜೂನ್ ತಿಂಗಳ ಶುಕ್ರವಾರ. ಏಳು ಗಂಟೆಗೇ ಸೀಟಿನ ರೆಕ್ಸಿನ್ ಕಾದು ಸೀರೆಗೆ ಅಂಟಿಕೊಳ್ಳುತ್ತಿತ್ತು. ನನ್ನ ತೊಡೆಯ ಮೇಲಿದ್ದ ಚೀಲದಲ್ಲಿ ಸುರುಳಿ ಸುತ್ತಿದ ಬಾಳೆಎಲೆ, ಒಂದಷ್ಟು ಬಾಳೆಕಾಯಿ ಮತ್ತು ಒಂದು ಪೊಟ್ಟಣ ಕರಿ ಎಳ್ಳು. ಎಲೆಯೂ ಕಾಯಿಯೂ ಸರಿ, ಆ ಎಳ್ಳು ಮಾತ್ರ ನನ್ನ ನಿದ್ದೆ ಕೆಡಿಸಿತ್ತು.

ಹಿಂದಿನ ಸಂಜೆ ಮಂಗಳಂ ಮಾಮಿ ಫೋನ್ ಮಾಡಿದ್ದರು. "ಶಾರದಾ, ನಾಳೆ ಅಮಾವಾಸ್ಯೆ. ಬೆಳಗ್ಗೇನೇ ಹೊರಟು ಬಾ. ದೇವಸ್ಥಾನದ ಓಣೀಲಿ ಬಾಳೆಕಾಯಿ, ಎಲೆ, ಸ್ವಲ್ಪ ಕರಿ ಎಳ್ಳು ತಗೊಂಡು ಬಾ" ಎಂದವರು, ಏಕೆ ಎಂದು ಕೇಳುವ ಮೊದಲೇ ಇಟ್ಟುಬಿಟ್ಟರು. ಮಾಮಿ ಕುಂಭಕೋಣದ ಕಡೆಯವರು, ಬೆಳೆದದ್ದು ಬೆಂಗಳೂರಿನ ಶ್ರೀರಾಂಪುರದಲ್ಲಿ. ನಾವು ದುಬೈಗೆ ಬರುವ ಮುನ್ನ ಅಬುಧಾಬಿಯಲ್ಲಿ ಎಂಟು ವರ್ಷ ಅವರ ಎದುರು ಫ್ಲಾಟಿನಲ್ಲಿದ್ದೆವು. ನನ್ನ ಎರಡೂ ಬಾಣಂತನಕ್ಕೆ ಎಣ್ಣೆ ನೀರು ಹಾಕಿದ್ದು ಅವರೇ.

ಮಾಮಿಯ ಯಜಮಾನರು, ನಮಗೆಲ್ಲ ಮಾಮ, ಸಮುದ್ರದೊಳಗಿನ ಎಣ್ಣೆಬಾವಿಗಳಿಗೆ ಸಾಮಾನು ಒಯ್ಯುವ ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. ಒಂದು ಚಳಿಗಾಲದ ಬೆಳಿಗ್ಗೆ ಅಲ್ ಮೀನಾ ಬಂದರಿನಿಂದ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಉಳಿದವರ ದೇಹ ಸಿಕ್ಕಿತು, ಮಾಮನದು ಸಿಗಲಿಲ್ಲ. ಆಗ ಮಗ ಕಣ್ಣನ್‌ಗೆ ಹತ್ತು ವರ್ಷ. ಮಾಮಿ ಊರಿಗೆ ಮರಳಲಿಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ವೀಸಾ ಉಳಿಸಿಕೊಂಡರು, ಬಾಲ್ಕನಿಯಿಂದ ಬಂದರಿನ ಕ್ರೇನುಗಳು ಕಾಣುವ ಅದೇ ಫ್ಲಾಟಿನಲ್ಲಿ ಉಳಿದರು. ಕೆಲಸ ಸಿಕ್ಕ ಮೇಲೆ ಕಣ್ಣನ್ ಖಲೀಫಾ ಸಿಟಿಯಲ್ಲಿ ಒಳ್ಳೆಯ ಮನೆ ನೋಡಿದ. "ಅವರಿಗೆ ಗೊತ್ತಿರೋದು ಈ ವಿಳಾಸ" ಎಂದು ಮಾಮಿ ಮಾತು ಮುಗಿಸಿದರು. ದಿನವೂ ಅಕ್ಕಿ ಅಳೆಯುವಾಗ ಮೂರು ಜನಕ್ಕೇ ಅಳೆಯುತ್ತಿದ್ದರು.

ಅವರ ಕಡೆ ಒಂದು ಪದ್ಧತಿಯಿದೆ. ತಂದೆ ಇಲ್ಲದ ಗಂಡಸು ಪ್ರತಿ ಅಮಾವಾಸ್ಯೆಯೂ ಎಳ್ಳುನೀರು ಬಿಟ್ಟು ತರ್ಪಣ ಕೊಡುತ್ತಾನೆ. ಅದು ಮುಗಿಯುವ ತನಕ ಬಾಗಿಲಿಗೆ ಕೋಲಂ, ಅಂದರೆ ನಮ್ಮ ರಂಗೋಲಿ, ಇಡುವಂತಿಲ್ಲ. ನಮ್ಮಲ್ಲಿ ತಿಥಿಯ ದಿನ ಇಡುವುದಿಲ್ಲವಲ್ಲ, ಹಾಗೆ. ಮಾಮಿ ಮಾತ್ರ ಅಮಾವಾಸ್ಯೆಯ ದಿನವೇ ಎಲ್ಲ ದಿನಕ್ಕಿಂತ ದೊಡ್ಡ ಕೋಲಂ ಹಾಕುತ್ತಿದ್ದರು. ಈ ಮನೆಯಲ್ಲಿ ಯಾರೂ ಸತ್ತಿಲ್ಲ ಎಂದು ಇಡೀ ಬಿಲ್ಡಿಂಗಿಗೆ ಸಾರಿದ ಹಾಗೆ. ಲಿಫ್ಟಿನಿಂದ ಇಳಿದವರು ಅದನ್ನು ತುಳಿಯದಂತೆ ಉದ್ದ ಹೆಜ್ಜೆ ಹಾಕಿ ದಾಟುವುದನ್ನು ಕಲಿತಿದ್ದೆವು. ಹನ್ನೆರಡು ವರ್ಷ ಕಾದರೂ ಬಾರದವನಿಗೆ ದರ್ಭೆಯ ದೇಹ ಮಾಡಿ ಸಂಸ್ಕಾರ ಮಾಡಬಹುದು ಎಂದು ಹೇಳಲು ಬಂದ ಪುರೋಹಿತರಿಗೆ ಕಾಫಿ ಕೊಟ್ಟು ಕಳಿಸಿಬಿಟ್ಟಿದ್ದರು.

ಆದರೆ ಕಣ್ಣನ್ ಚೈತ್ರದಲ್ಲಿ ಊರಿಗೆ ಹೋದವನು ಕಾವೇರಿ ದಡದಲ್ಲಿ ಅದನ್ನು ಮಾಡಿ ಮುಗಿಸಿದ್ದ. ತಲೆ ಬೋಳಿಸಿಕೊಂಡು ಬಂದು ತಾಯಿಗೆ ತಿರುಪತಿ ಹರಕೆ ಎಂದ. ನನಗೆ ಮಾತ್ರ ನಿಜ ಹೇಳಿದ್ದ. "ಆಂಟಿ, ಪ್ಲೀಸ್, ಅಮ್ಮಂಗೆ ಗೊತ್ತಾದ್ರೆ ಶೀ ವಿಲ್ ಬ್ರೇಕ್." ಮಾಮಿಗೆ ಗೊತ್ತಾಗಿದ್ದರೆ ಈ ಎಳ್ಳು ಯಾವ ಜಗಳಕ್ಕೆ ಎಂದು ರಾತ್ರಿಯೆಲ್ಲ ಯೋಚಿಸಿದ್ದೆ.

ಪಕ್ಕದ ಸೀಟಿನಲ್ಲಿ ಮಂಗಳೂರಿನ ನರ್ಸ್ ಫ್ಲೋರಾ ಬಾಯಿ, ಅಬುಧಾಬಿಯ ತಂಗಿಯ ಮನೆಗೆ ಹೊರಟವರು. ನನ್ನ ಚೀಲಕ್ಕೆ ಇಣುಕಿ, "ಎಂತ ಮಾರಾಯ್ರೆ, ಊರಿನ ಸಂತೆಗೆ ಹೋದ ಹಾಗೆ ಉಂಟಲ್ಲ!" ಎಂದರು. ಜೆಬೆಲ್ ಅಲಿ ದಾಟಿದರೆ ಎರಡೂ ಕಡೆ ಮರಳು, ಧೂಳಿನಲ್ಲಿ ಬೆಳ್ಳಗಾದ ಆಕಾಶ, ನೋಡಲು ಏನೂ ಇಲ್ಲ. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಫ್ಲೋರಾ ಬಾಯಿ, "ಅವರು ಇನ್ನು ಬರ್ಲಿಕ್ಕಿಲ್ಲ. ಪಾಪ, ಆ ಹೆಂಗಸಿಗೆ ಯಾರಾದ್ರೂ ಹೇಳ್ಬೇಕಿತ್ತು" ಎಂದರು. ನನಗೆ ಸಿಟ್ಟು ಬಂತು. ನಾನು ಇಷ್ಟು ವರ್ಷ ಮನಸ್ಸಿನಲ್ಲೇ ಅಂದುಕೊಂಡದ್ದನ್ನು ಇವರು ಬಾಯಿಬಿಟ್ಟು ಹೇಳಿದ್ದಕ್ಕೆ ಬಂದ ಸಿಟ್ಟು ಅದು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಎರಡು ಗಂಟೆಯ ದಾರಿ. ಬಸ್ ನಿಲ್ದಾಣದಿಂದ ಮೀನಾ ರಸ್ತೆಗೆ ಟ್ಯಾಕ್ಸಿ ಹಿಡಿದೆ. ಲಿಫ್ಟಿನ ಬಾಗಿಲು ತೆರೆಯಿತು. ಸೀರೆಯ ನೆರಿಗೆ ಎತ್ತಿಕೊಂಡು, ರೂಢಿಯ ಹಾಗೆ ಉದ್ದ ಹೆಜ್ಜೆ ಹಾಕಿ ಮಾಮಿಯ ಬಾಗಿಲು ದಾಟಿದೆ. ಆಮೇಲೆ ತಿರುಗಿ ನೋಡಿದೆ. ನೆಲ ಖಾಲಿಯಾಗಿತ್ತು. ಒರೆಸಿದ ಹಸಿ ಇನ್ನೂ ಆರಿರಲಿಲ್ಲ.

ಮಾಮಿ ಎದುರು ಬಂದು ಚೀಲ ತೆಗೆದುಕೊಂಡರು. ನನ್ನ ಕಣ್ಣು ಮೊದಲು ಹೋದದ್ದು ಅವರ ಹಣೆಗೆ. ಕುಂಕುಮ ಇತ್ತು. ಕಣ್ಣನ್ ಸ್ನಾನ ಮಾಡಿ, ಹೆಗಲಿಗೆ ಬ್ಯಾಗು ಹಾಕಿಕೊಂಡು, ಹೊರಗೆ ಹೋಗಲಾರದೆ ಸೋಫಾದ ಅಂಚಿನಲ್ಲಿ ಕೂತಿದ್ದ. ಮಗನ ಜೊತೆ ತಮಿಳೇ ಆಡುವ ಮಾಮಿ ಅವತ್ತು ಕನ್ನಡದಲ್ಲಿ ಮಾತು ತೆಗೆದರು, ನಾನೂ ಕೇಳಲೆಂದು.

"ಎಲ್ಲಿಗೆ ಹೊರಟೆ ಕಣ್ಣಾ?"

"ಆಫೀಸಿಗೆ ಅಮ್ಮಾ. ಸ್ವಲ್ಪ ಅರ್ಜೆಂಟ್."

"ಶುಕ್ರವಾರ ಯಾವ ಆಫೀಸು? ಹೋದ ಅಮಾವಾಸ್ಯೆಗೂ ಅರ್ಜೆಂಟ್ ಇತ್ತು. ಅವತ್ತು ರಾತ್ರಿ ಅನ್ನ ಬೇಡ, ಬ್ರೆಡ್ ಸಾಕು ಅಂದೆ. ತರ್ಪಣ ಕೊಟ್ಟವರು ರಾತ್ರಿ ಅನ್ನ ತಿನ್ನಲ್ಲ ಅನ್ನೋದು ನಂಗೆ ಗೊತ್ತಿಲ್ವಾ?"

ಕಣ್ಣನ್ ನನ್ನ ಕಡೆ ನೋಡಿದ. ನಾನು ಬಾಳೆಎಲೆಯ ಸುರುಳಿ ನೋಡುತ್ತಾ ನಿಂತೆ.

"ಶಾರದಾನ ಯಾಕೆ ನೋಡ್ತೀಯಾ, ಅವಳು ಏನೂ ಹೇಳಿಲ್ಲ. ತಿರುಪತೀಲಿ ಮುಡಿ ಕೊಟ್ಟು ಬಂದವನು ಒಂದು ಲಡ್ಡು ತರದೆ ಬರ್ತಾನೇನೋ? ಬಾಗಿಲು ತೆಗೆದು ನಿನ್ನ ಬರೀ ಕೈ ನೋಡಿದಾಗಲೇ ಗೊತ್ತಾಯ್ತು."

ಇಂಥ ಹೊತ್ತಿನಲ್ಲೂ ನನಗೆ ನಗು ಬಂತು, ಹಿಂದೆಯೇ ಅಳು ಬಂತು. ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವ ಬುದ್ಧಿವಂತ ಹುಡುಗ, ಅಷ್ಟು ದೊಡ್ಡ ಸುಳ್ಳು ಕಟ್ಟಿ ಲಡ್ಡು ಮರೆತಿದ್ದ.

"ಎಲ್ಲಿ ಮಾಡ್ತಿದ್ದೆ?"

"ನನ್ನ ಫ್ರೆಂಡ್ ರವಿ ರೂಮಲ್ಲಿ. ಆರು ಜನ ಇರ್ತಾರೆ ಅಮ್ಮಾ. ಬಚ್ಚಲ ಹತ್ರ ಸ್ವಲ್ಪ ಜಾಗ ಇದೆ."

ಮಾಮಿಯ ದನಿ ಅಲ್ಲಿಯವರೆಗೆ ಗಟ್ಟಿಯಾಗೇ ಇತ್ತು. ಈಗ ಒಡೆಯಿತು. "ನಿಮ್ಮಪ್ಪಂಗೆ ಯಾರದೋ ಬಚ್ಚಲ ಹತ್ರ ಕದ್ದು ನೀರು ಬಿಡ್ತೀಯಾ? ಅವರಿಗೆ ಮನೆ ಇಲ್ವಾ? ಕೂತ್ಕೋ. ಇಲ್ಲೇ ಕೊಡು."

ಕಣ್ಣನ್ ಬ್ಯಾಗಿನಿಂದ ದರ್ಭೆ ತೆಗೆದ. ಮಾಮಿ ತಾಮ್ರದ ತಟ್ಟೆ ತಂದಿಟ್ಟರು, ನಾನು ಎಳ್ಳಿನ ಪೊಟ್ಟಣ ಬಿಚ್ಚಿದೆ. ತರ್ಪಣಕ್ಕೆ ದಕ್ಷಿಣಕ್ಕೆ ಮುಖ ಮಾಡಿ ಕೂರಬೇಕು. ಹಾಗೆ ಕೂತರೆ ಬಾಲ್ಕನಿಯೂ ಬಂದರಿನ ಕ್ರೇನುಗಳೂ ಬೆನ್ನ ಹಿಂದಾಗುತ್ತವೆ. ಮಂತ್ರ ಓಡುತ್ತಿತ್ತು, ಗೋತ್ರದವರೆಗೆ ಬಂದು ನಿಂತಿತು. ಮುಂದೆ ತಂದೆಯ ಹೆಸರು. ಗಂಡನ ಹೆಸರನ್ನು ಮಾಮಿ ಎಂದೂ ಬಾಯಿಂದ ಆಡಿದವರಲ್ಲ, ಅಪಘಾತದ ಮೇಲೆ ಅವರ ಮುಂದೆ ನಾವೂ ಆಡಿರಲಿಲ್ಲ.

"ಹೇಳು" ಎಂದರು ಮಾಮಿ. "ಗಟ್ಟಿಯಾಗಿ ಹೇಳು."

"ಸ್ವಾಮಿನಾಥ ಶರ್ಮಾಣಂ..." ಎಂದ ಕಣ್ಣನ್. ಎಳ್ಳುನೀರು ಹೆಬ್ಬೆರಳ ಪಕ್ಕದಿಂದ ತಟ್ಟೆಗೆ ಇಳಿಯಿತು. ಆ ಹೆಸರನ್ನು ಮೂರು ಸಲ ಹೇಳಬೇಕು. ಮೂರನೆಯ ಸಲಕ್ಕೆ ಮಾಮಿ ಅಡುಗೆಮನೆಯ ಬಾಗಿಲು ಹಿಡಿದು ನೆಲಕ್ಕೆ ಕುಸಿದು ಕೂತರು. ಹನ್ನೆರಡು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

ಮುಗಿದ ಮೇಲೆ ಕೋಲಂ ಹಿಟ್ಟಿನ ಡಬ್ಬಿ ನನ್ನ ಕೈಗೆ ಕೊಟ್ಟರು. "ನಂಗೆ ನಿಮ್ಮ ಹಾಗೆ ಚುಕ್ಕಿ ಸುತ್ತ ಗೆರೆ ಸುತ್ತಿಸಿ ಹಾಕಕ್ಕೆ ಬರಲ್ಲ ಮಾಮಿ" ಎಂದೆ. "ಬರೋ ಹಾಗೆ ಹಾಕು. ಇವತ್ತು ನನ್ನಿಂದ ಆಗಲ್ಲ" ಎಂದರು. ನಮ್ಮ ಮೈಸೂರಿನ ಒಂದು ಸಣ್ಣ ಕಮಲ ಬಿಡಿಸಿದೆ, ಒಂದು ದಳ ಸೊಟ್ಟಗಾಯಿತು. ಬಾಳೆಕಾಯಿ ಪಲ್ಯ, ಪಾಯಸದ ಊಟವಾಯಿತು. ರಾತ್ರಿಗೆ ಕಣ್ಣನ್‌ಗೆಂದು ದೋಸೆ ಹಿಟ್ಟು ಬೆಳಿಗ್ಗೆಯೇ ಎತ್ತಿಟ್ಟಿದ್ದರು. ನಾಲ್ಕು ಗಂಟೆಗೆ ಹೊರಟೆ. ಮಾಮಿ ಲಿಫ್ಟಿನ ತನಕ ಬಂದು, "ಮುಟ್ಟಿದ ತಕ್ಷಣ ಫೋನ್ ಮಾಡು" ಎಂದರು.

ದುಬೈನ ಕರಾಮಾದಲ್ಲಿರುವ ನಮ್ಮ ಮನೆ ಸೇರಿ, ಮಕ್ಕಳಿಗೆ ಊಟ ಬಡಿಸಿ ಫೋನ್ ಮಾಡಿದೆ. ಕಣ್ಣನ್ ದೋಸೆ ತಿಂದನಂತೆ.

"ನಿಮ್ಮ ಊಟ ಆಯ್ತಾ ಮಾಮಿ?"



"ಇನ್ನೂ ಒಲೆ ಹಚ್ಚಿಲ್ಲ ಶಾರದಾ. ನನ್ನೊಬ್ಬಳಿಗೆ ಎಷ್ಟು ಅಕ್ಕಿ ಹಾಕ್ಬೇಕೋ ಗೊತ್ತಾಗ್ತಿಲ್ಲ."