ತಮ್ಮನ ಎಲೆ

ಮಾವ ಕಾಲು ಅಗಲಿಸಿ ನಿಲ್ಲುತ್ತಿದ್ದರು, ನೆಲ ಅಲುಗಾಡುತ್ತಿದೆಯೋ ಎನ್ನುವ ಹಾಗೆ. ಕಲ್ಲುಗುಂಡಿಯಲ್ಲಿ ರಸ್ತೆ ಬದಿಗೆ ಅವರ ಚಾ ಹೋಟೆಲು. ಗ್ಲಾಸು ಜಾರಬಾರದೆಂದು ಅಡಿಗೆ ಒದ್ದೆ ಬಟ್ಟೆ ಹಾಸುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕಿನ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು, ಅಭ್ಯಾಸ ಬಿಟ್ಟಿರಲಿಲ್ಲ. ಹೋಟೆಲಿನಲ್ಲಿ ಅವರು ಕೂತದ್ದನ್ನು ನಾನು ಕಂಡಿಲ್ಲ. ಎಲ್ಲರಿಗೂ ಹೋಟೆಲ್ ಮಾವ. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ನಾನು ಶಾಲೆ ಬಿಟ್ಟು ಲಾರಿ ಹತ್ತಿದ ಕ್ಲೀನರ್. ನನಗೆ ಸ್ಟೇರಿಂಗ್ ಕೊಡಿಸಿದ್ದು ಅವರು. "ಇವನ ಬಾಯಿ ಹಾಳು, ಕೈ ಹಾಳಲ್ಲ" ಎಂದು ಲಾರಿಯ ಧಣಿಗೆ ಹೇಳಿದರು.

ಎಂಬತ್ತನೇ ಇಸವಿಯ ಸುಮಾರಿಗೆ ನಾನು ಅಡಿಕೆ ಲೋಡು ಹಿಡಿದು ಬೊಂಬಾಯಿಗೆ ಹೊರಟಾಗ ಅವರೂ ಹತ್ತಿದರು. ಯುದ್ಧದಲ್ಲಿ ಮುಳುಗಿದ ಹಡಗಿನವರ ಹೆಸರು ಕೆತ್ತಿದ ಕಲ್ಲು ಬಂದರಿನ ದಡದಲ್ಲಿದೆ ಎಂದು ಯಾರೋ ಹೇಳಿದ್ದರಂತೆ. ಅವರ ತಮ್ಮ ಹಾಗೆ ಹೋದವನು.

ದಾರಿಯುದ್ದಕ್ಕೂ ಕಿರಿಕಿರಿ. "ಎಂತ ಮಾರಾಯ, ಹಡಗೇ ಇದಕ್ಕಿಂತ ಬೇಗ ಹೋಗ್ತದೆ."

"ಹಾಗಾದ್ರೆ ಇಳಿದು ಈಜಿ ಮಾವ."

ಕಲ್ಲಿನ ಕಾವಲಿಗಿದ್ದವ ನಮ್ಮ ಪುತ್ತೂರಿನವ. ನಮ್ಮಿಬ್ಬರಿಗೂ ಇಂಗ್ಲಿಷ್ ಬಾರದು, ಅವನೇ ಓದಿದ. ತಮ್ಮನ ಹೆಸರು ಇರಲಿಲ್ಲ. ಮಾವ ಕಲ್ಲಿಗೆ ಒಂದು ಸುತ್ತು ಬಂದು ಇನ್ನೊಂದು ಹೆಸರು ಹೇಳಿದರು.

"ಅದು ಉಂಟು. ನಿಮಗೆ ಅವರು ಎಂತ ಆಗಬೇಕು?"

"ಅದು ನಾನೇ."

"ಸತ್ತವರು ನೋಡ್ಲಿಕ್ಕೆ ಬರುದು ಇದೇ ಮೊದಲು ಮಾರಾಯ್ರೆ!"

"ತಿದ್ಲಿಕ್ಕೆ ಆಗುದಾ?"

"ಕಲ್ಲು ಮಾರಾಯ್ರೆ, ಸ್ಲೇಟಲ್ಲ."

ಮಾವ ನನ್ನ ಕಡೆ ತಿರುಗಿದರು. "ಹಡಗು ಹೊರಡುವ ದಿವಸ ನನಗೆ ಜ್ವರ. ನನ್ನ ಹೆಸರಿನ ಪಾಸು ಕೊಟ್ಟು ಅವನನ್ನು ಹತ್ತಿಸಿದ್ದು ನಾನೇ. ಸತ್ತ ಸುದ್ದಿ ಬಂದದ್ದು ನನ್ನ ಹೆಸರಿಗೆ. ನೀನು ಮನೆಯಲ್ಲೇ ಇದ್ದೀಯಲ್ಲ, ಸುದ್ದಿಯೇ ಸುಳ್ಳು, ಅವನು ಬರ್ತಾನೆ ಅಂದ್ರು ಅಮ್ಮ. ಅವನಿಗೆ ಎಲೆ ಹಾಕ್ಲಿಕ್ಕೆ ಬಿಡ್ಲೇ ಇಲ್ಲ."

ನಮ್ಮಲ್ಲಿ ಸತ್ತವರಿಗೆ ಬಾಳೆಲೆಯಲ್ಲಿ ಬಡಿಸಿ, ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಕರೆಯದಿದ್ದರೆ ಅವರು ಹೊರಗೇ ಉಳಿದ ಹಾಗೆ.

"ಅಮ್ಮ ಹೋದ ಮೇಲೆ ನೀವು ಕರೀಬಹುದಿತ್ತಲ್ಲ?"

"ಯಾವ ಬಾಯಲ್ಲಿ? ಹೋಗು ಅಂದದ್ದೇ ಈ ಬಾಯಿ." ಸ್ವಲ್ಪ ಹೊತ್ತು ಅತ್ತಿತ್ತ ನಡೆದರು. "ನಾನು ಸತ್ತಾಗ ನೀನು ಕರಿ. ಮೊದಲು ಅವನನ್ನು, ಆಮೇಲೆ ನನ್ನನ್ನು. ನಿನ್ನ ಬಾಯಿ ದೊಡ್ಡದು, ಸಮುದ್ರಕ್ಕೆ ಕೇಳ್ಬೇಕು."

ಕೆಲವು ವರ್ಷ ಕಳೆದು ಮಾವ ತೀರಿಹೋದರು. ಚಾ ಸೋಸುತ್ತ, ನಿಂತಲ್ಲೇ. ಎಲೆ ಹಾಕಿದ ದಿವಸ ಅವರ ಕುಟುಂಬದ ಹಿರಿಯರು ಅವರ ಹೆಸರು ಕರೆಯಲು ಬಾಯಿ ತೆರೆದರು. ನಾನು ತಡೆದೆ. ಮೊದಲು ತಮ್ಮನಿಗೆ ಇನ್ನೊಂದು ಎಲೆ ಹಾಕಿ ಎಂದೆ.

"ನೀನು ಯಾರಾ ಹೇಳ್ಲಿಕ್ಕೆ?"

"ಲಾರಿ ಡ್ರೈವರ್. ಅವರು ಹೇಳಿದ್ದನ್ನು ಹೇಳ್ತಾ ಇದ್ದೇನೆ. ಎಲೆ ಹಾಕಿ."

ಹಾಕಿದರು. ನಾನು ಹೊರಗೆ ಹೋಗಿ ಪಯಸ್ವಿನಿ ಹೊಳೆ ಸಮುದ್ರದ ಕಡೆ ಹರಿಯುವ ದಿಕ್ಕಿಗೆ ನಿಂತು, ಗಂಟಲು ಹರಿಯುವಷ್ಟು ಜೋರಾಗಿ ತಮ್ಮನ ಹೆಸರು ಕೂಗಿದೆ. ಊಟಕ್ಕೆ ಬಾ ಎಂದೆ. ಒಳಗೆ ಬಂದು ಅಣ್ಣನನ್ನೂ ಕರೆದೆ.

ಎರಡೂ ಎಲೆಯ ಬದಿಗೆ ಚಾ ಇಟ್ಟಿದ್ದರು. ತಮ್ಮನ ಗ್ಲಾಸಿನ ಅಡಿಗೆ ನಾನು ಒದ್ದೆ ಬಟ್ಟೆ ಹಾಸಿದೆ.