ಬೋರಲು ಹಾಕಿದ ಫೋಟೋ

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ನಾನು ಹುಮನಾಬಾದ್ ಸುತ್ತಿನ ಹಳ್ಳಿಗಳಲ್ಲಿ ಒಂದು ಸಂಶೋಧನೆಗೆ ಕೆಲಸ ಮಾಡುತ್ತಿದ್ದೆ. ಹೆಂಗಸರಿಗೆ ಕ್ಯಾಮೆರಾ ಇರುವ ಮೊಬೈಲ್ ಕೊಡುತ್ತಿದ್ದೆವು. ತಮ್ಮ ದಿನದ ಫೋಟೋ ಅವರೇ ತೆಗೆದು, ಸಂಜೆ ಅದರ ಬಗ್ಗೆ ನಾಲ್ಕು ಮಾತು ಅದೇ ಮೊಬೈಲಿಗೆ ಹೇಳಬೇಕು. ಆಮೇಲೆ ಪ್ರಿಂಟುಗಳನ್ನು ಕಂಬಳಿಯ ಮೇಲೆ ಹರಡಿ ಕೂರುತ್ತಿದ್ದೆವು. ಊರು ದಾಟಬಾರದ ಫೋಟೋವನ್ನು ಹೆಂಗಸರು ಬೋರಲು ಹಾಕುತ್ತಿದ್ದರು. ಅದು ಅವರೇ ಮಾಡಿಕೊಂಡ ಕಟ್ಟಳೆ. ನಮ್ಮ ಕಚೇರಿಯೂ ಒಪ್ಪಿತ್ತು.

ಕುರಿ ಸಾಕುವ ಮನೆಯ ಒಬ್ಬಾಕೆ ಬೋರಲು ಹಾಕಿದ್ದು ಒಂದೇ ಫೋಟೋ. ಜಾಲಿಯ ಮರೆಯಲ್ಲಿ ಬಯಲಿಗೆ ಕುಳಿತ ಅವಳ ಬೆನ್ನು, ಪಕ್ಕದಲ್ಲಿ ತಂಬಿಗೆ. ಅವಳ ನೆಗೆಣ್ಣಿ ಚೇಷ್ಟೆಗೆ ಮೊಬೈಲಿನಲ್ಲಿ ತೆಗೆದಿದ್ದಳು. "ನಿನ್ನ ಕೈ ಸೇದಿ ಹೋಗ್ಲಿ!" ಎಂದು ಬೈದು ಇವಳೂ ನಕ್ಕಿದ್ದಳು.

ಬಸವಕಲ್ಯಾಣದಲ್ಲಿ ಪ್ರದರ್ಶನವಾಯಿತು. ಆಕೆ ಮಗಳನ್ನು ಕೊಟ್ಟದ್ದು ಅದೇ ಊರಿಗೆ. ತಾನು ತೆಗೆದ ಕುರಿಮರಿಗಳ ಫೋಟೋ ನೋಡಲು ಬೀಗರನ್ನು ಅವಳೇ ಕರೆದಿದ್ದಳು. ಸಭಾಂಗಣದೊಳಗೆ ಕಾಲಿಟ್ಟರೆ ಎದುರಿನ ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡ ಫ್ಲೆಕ್ಸ್: ಅದೇ ಬೆನ್ನು. ಹಿಗ್ಗಿಸಿ ಮಸುಕಾಗಿತ್ತು, ಆದರೆ ಸೀರೆಯ ಹಳದಿ ಅಂಚು ಸ್ಪಷ್ಟವಾಗಿತ್ತು.

"ಇದು ಬೋರಲು ಹಾಕಿದ್ದು ಸರ್," ಎಂದೆ ನಮ್ಮ ಕಚೇರಿಯ ಮುಖ್ಯಸ್ಥರಿಗೆ.

"ಮುಖ ಕಾಣೋದಿಲ್ಲವಲ್ಲ, ಹೆಸರೂ ಹಾಕಿಲ್ಲ. ಕುರಿಮರಿ ನೋಡೋಕೆ ಯಾರು ಬರ್ತಾರೆ?" ಅವರ ತುಟಿಗೆ ಮಿರ್ಚಿ ಭಜಿಯ ಎಣ್ಣೆ ಹತ್ತಿತ್ತು.

"ಮಾರಿ ಯಾಕ ಬೇಕ್ರಿ ಸಾಹೇಬ್ರ?" ಎಂದಳು ಆಕೆ. "ಆ ಸೀರಿ ಬೀಗರೇ ಉಡಿಸ್ಯಾರ. ತೆಗೀರಿ, ಅವರು ಬರಾಕತ್ಯಾರ."

"ಅತಿಥಿಗಳು ನೋಡಿ ಹೋಗಲಿ ಅಮ್ಮ."

ಆಕೆ ಹೋಗಿ ಫ್ಲೆಕ್ಸಿಗೆ ಬೆನ್ನು ಕೊಟ್ಟು, ಸೆರಗು ಹರಡಿ ನಿಂತಳು. ಫ್ಲೆಕ್ಸಿಗೆ ಕಟ್ಟಿದ್ದ ದಾರ ಬಿಚ್ಚಲು ನಾನು ಸ್ಟೂಲು ತಂದರೆ ಕಚೇರಿಯವನೊಬ್ಬ ಕಸಿದುಕೊಂಡ.

ಅಷ್ಟರಲ್ಲಿ ಒಗ್ಗರಣೆ ಮಂಡಕ್ಕಿಯ ಪ್ಲೇಟು ಹಿಡಿದು ಬೀಗತಿ ಬಂದಳು. "ಯಾಕ್ರಿ ಬೀಗ್ತಿ, ಗ್ವಾಡಿ ಹಿಡಕೊಂಡು ನಿಂತೀರಿ? ಬೀಳ್ತದಂತೇನು? ಬರ್ರಿ, ಸುಸಲಾ ತಿನ್ನೂಣು."

"ನೀವ ತಿನ್ರಿ. ನನಗ ಹಸಿವಿಲ್ಲ."

ಬೀಗತಿಯ ಕಣ್ಣು ಇವಳ ಭುಜ ದಾಟಿ ಹಳದಿ ಅಂಚಿನ ಮೇಲೆ ಹೋಯಿತು, ಅಲ್ಲಿಂದ ತಂಬಿಗೆಗೆ. ನಗು ನಿಂತಿತು. ಪ್ಲೇಟನ್ನು ನೆಲಕ್ಕಿಟ್ಟು, ಇವಳ ಮಗ್ಗುಲಿಗೆ ಬಂದು ತನ್ನ ಸೆರಗನ್ನೂ ಹರಡಿ ನಿಂತಳು.

ಇಬ್ಬರೂ ಫ್ಲೆಕ್ಸಿನ ಮುಂದೆ ಜೋಡಿಯಾಗಿ ನಿಂತದ್ದು ಕಂಡು ಮುಖ್ಯಸ್ಥರಿಗೆ ಖುಷಿಯಾಯಿತು. ಕ್ಯಾಮೆರಾದವನನ್ನು ಕರೆದರು. "ಇವರಿಬ್ಬರದ್ದೂ ತೆಗಿ, ವರದಿಗೆ ಬೇಕು. ಅಮ್ಮ, ಸೆರಗು ಇಳಿಸಿ, ಸ್ವಲ್ಪ ನಗಿ."



"ಇಷ್ಟು ನೋಡಿದ್ದು ಸಾಲಲಿಲ್ಲೇನ್ರಿ ನಿಮಗ?" ಎಂದಳು ಬೀಗತಿ.

"ಒಂದೇ ಒಂದು," ಎಂದರು ಅವರು. ಫ್ಲ್ಯಾಷ್ ಬಿತ್ತು. ಇಬ್ಬರೂ ಮಾರಿ ಮುಚ್ಚಿಕೊಂಡಿದ್ದರು.