ಹಣೆಬರಹ ಅಲ್ಲ, ಬ್ಯಾಟರಿ

ನಮ್ಮ ದೊಡ್ಡಮ್ಮನ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಅಕ್ಕಪಕ್ಕದವರು ಅವಳಿಗೆ ಸಿಡಿಮದ್ದು ಎಂದು ಹೆಸರಿಟ್ಟಿದ್ದಾರೆ. ಹುಟ್ಟಿದ ಕೂಡಲೇ ಸೂಲಗಿತ್ತಿಗೆ ಬೈದಿರಬೇಕು ಎಂದು ಬೆನ್ನ ಹಿಂದೆ ನಗುತ್ತಾರೆ. ನನ್ನ ಅಮ್ಮ ಈ ಮನೆಗೆ ಕಿರಿಯ ಸೊಸೆಯಾಗಿ ಬಂದಾಗ ದೊಡ್ಡಮ್ಮ ಬಾಯಿ ತುಂಬ ನಗುವ ಹೆಂಗಸಾಗಿದ್ದಳಂತೆ. ಹುಲ್ಲಿನ ಹೊಲದಲ್ಲಿ ಅವಳು ನಕ್ಕರೆ ಕೊಟ್ಟಿಗೆಯಲ್ಲಿದ್ದವರೂ ಏನು, ಏನು ಎಂದು ಕೇಳುತ್ತಿದ್ದರಂತೆ. ಆ ನಗುವನ್ನು ನಾನೂ ಕೇಳಿದ್ದೇನೆ. ಅದು ನಿಂತ ದಿನವೂ ನನಗೆ ಗೊತ್ತು.

ನಮ್ಮದು ಚಿಕ್ಕ ಜಮೀನು. ಹೊಳೆಗೂ ರಸ್ತೆಗೂ ನಡುವೆ ಹಾಸಿದ ಹುಲ್ಲುಗಾವಲು, ಕೆಲವು ಹಸು, ಒಂದು ಕೊಟ್ಟಿಗೆ, ಅದರ ಮೇಲೊಂದು ಅಟ್ಟ. ಅಣ್ಣತಮ್ಮ ಇಬ್ಬರದೂ ಒಂದೇ ಒಲೆ. ದೊಡ್ಡಪ್ಪ ಮೆತ್ತಗಿನ ಮನುಷ್ಯ, ಹಸುವಿನ ಮೈಮೇಲೆ ಕೂತ ನೊಣವನ್ನೂ ಊದಿ ಎಬ್ಬಿಸುವವನು. ನನ್ನ ಅಪ್ಪ ಗಡಿಬಿಡಿಯವನು. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತಿತ್ತು.

ಮಳೆ ಇಲ್ಲದ ನಾಲ್ಕು ದಿನ ಒಟ್ಟಿಗೆ ಸಿಕ್ಕರೆ ನಮ್ಮ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಇಬ್ಬನಿ ಆರಿದ ಮೇಲೆ ಹುಲ್ಲು ಕೊಯ್ದು ಹರಡಬೇಕು. ಬಿಸಿಲು ನೆತ್ತಿಗೆ ಬಂದಾಗ ತಿರುವಿ ಹಾಕಬೇಕು. ಸಂಜೆಗೆ ಸಾಲು ಸಾಲಾಗಿ ಎಳೆದು ಕೂಡಿಸಬೇಕು, ಮಾರನೆಯ ದಿನ ಮತ್ತೆ ಬಿಡಿಸಬೇಕು. ಒಣಗಿತೋ ಇಲ್ಲವೋ ಎಂದು ನೋಡುವುದು ದೊಡ್ಡಮ್ಮನ ಕೆಲಸ. ಸಾಲಿನ ಅಡಿಯಿಂದ ಒಂದು ಹಿಡಿ ತೆಗೆದು ಬಟ್ಟೆ ಹಿಂಡುವಂತೆ ತಿರುಚುತ್ತಿದ್ದಳು. ಪಟಪಟ ಮುರಿದರೆ ಪೆಂಡಿ ಕಟ್ಟಬಹುದು, ಬಳುಕಿದರೆ ಕಾಯಬೇಕು. ಹಸಿ ಕಟ್ಟಿದರೆ ಪೆಂಡಿ ಒಳಗೊಳಗೇ ಕಾದು ಕಪ್ಪಾಗುತ್ತದೆ, ಕೆಲವೊಮ್ಮೆ ಅಟ್ಟವೇ ಹೊತ್ತಿಕೊಳ್ಳುತ್ತದೆ.

ಪೆಂಡಿ ಕಟ್ಟಲು ನಮ್ಮಲ್ಲೊಂದು ಹಳೆಯ ಬೇಲರ್ ಯಂತ್ರವಿತ್ತು. ಟ್ರ್ಯಾಕ್ಟರಿನ ಹಿಂದೆ ತಿರುಗುವ ಕಬ್ಬಿಣದ ಶಾಫ್ಟ್ ಅದನ್ನು ನಡೆಸುತ್ತಿತ್ತು. ಮುಂದಿನ ಹಲ್ಲುಗಳು ನೆಲದ ಹುಲ್ಲನ್ನು ಬಾಚಿ ಒಳಗೆಳೆದುಕೊಂಡರೆ, ಹಿಂದಿನಿಂದ ಹುರಿ ಬಿಗಿದ ಪೆಂಡಿ ಮೊಟ್ಟೆ ಇಟ್ಟ ಹಾಗೆ ಬೀಳುತ್ತಿತ್ತು. ತೊಂದರೆ ಇದ್ದದ್ದು ಟ್ರ್ಯಾಕ್ಟರಿನ ಬ್ಯಾಟರಿಯದು. ಅದು ಸತ್ತೇ ಹೋಗಿತ್ತು. ರಾತ್ರಿಯೆಲ್ಲ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಗ್ಗೆ ಎಲ್ಲರೂ ಸೇರಿ ನೂಕಿ ಎಬ್ಬಿಸಬೇಕಿತ್ತು. ಒಮ್ಮೆ ಎದ್ದಿತೆಂದರೆ ಸಂಜೆಯ ತನಕ ಎಂಜಿನ್ ಆರಿಸುವಂತಿರಲಿಲ್ಲ.

"ಹೊಸದು ಹಾಕಿಸಪ್ಪ," ಎಂದು ದೊಡ್ಡಮ್ಮ ಹೇಳುತ್ತಲೇ ಇದ್ದಳು.

"ಇನ್ನೊಂದು ವರ್ಷ ಎಳೆಯುತ್ತೆ ಬಿಡಿ ಅತ್ತಿಗೆ," ಎಂದು ಅಪ್ಪನೂ ಹೇಳುತ್ತಲೇ ಇದ್ದ. ಟ್ರ್ಯಾಕ್ಟರ್ ಅವನ ಜವಾಬ್ದಾರಿ. ಬೇರೆಯವರು ಅದಕ್ಕೆ ಕೈ ಹಾಕಿದರೆ ಅವನಿಗೆ ಆಗುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಹೊಳೆಯಾಚೆ ಮೋಡ ಕಟ್ಟಿತು. ಅರ್ಧ ಹೊಲದ ಪೆಂಡಿ ಮುಗಿದಿತ್ತು, ಇನ್ನರ್ಧ ಸಾಲಿನಲ್ಲಿ ಬಿದ್ದಿತ್ತು. ಅಪ್ಪ ಓಡಿಸುತ್ತಿದ್ದ, ದೊಡ್ಡಪ್ಪ ಹಿಂದೆ ನಡೆಯುತ್ತ ಹುರಿ ನೋಡಿಕೊಳ್ಳುತ್ತಿದ್ದ. ಬೇಲರಿನ ಬಾಯಿಗೆ ದಪ್ಪ ಹುಲ್ಲಿನ ಮುದ್ದೆ ಸಿಕ್ಕಿಕೊಂಡು ಯಂತ್ರ ನರಳಿತು. ದೊಡ್ಡಪ್ಪ ಕೈ ಎತ್ತಿ, "ಆಫ್ ಮಾಡೋ" ಎಂದ. ಅಪ್ಪ ಲಿವರ್ ಎಳೆದು ಶಾಫ್ಟ್ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ಆರಿಸಿದರೆ ಹೊಲದ ಮಧ್ಯದಿಂದ ಇಳಿಜಾರಿನ ತನಕ ನೂಕಬೇಕಿತ್ತಲ್ಲ. "ನಿಂತಿದೆ, ಕಿತ್ತು ಹಾಕು ಬೇಗ," ಎಂದು ಕೂಗಿದ. ದೊಡ್ಡಪ್ಪ ಬಗ್ಗಿ ಬಲಗೈ ಒಳಗೆ ಹಾಕಿದ. ಅಪ್ಪ ಮೋಡ ನೋಡಲೆಂದು ಸೀಟಿನಲ್ಲಿ ಹೊರಳಿದ. ಅವನ ಮೊಣಕಾಲು ಲಿವರಿಗೆ ತಾಕಿತು.

ದೊಡ್ಡಪ್ಪ ಕೂಗಲಿಲ್ಲ. ಕೂಗಿದ್ದು ಅಪ್ಪ. ಹೊಲದ ಆ ತುದಿಯಲ್ಲಿ ಹುಲ್ಲು ಎಳೆಯುತ್ತಿದ್ದ ದೊಡ್ಡಮ್ಮ ಕೋಲು ಎಸೆದು ಓಡಿ ಬಂದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಗಂಡನ ಕೈಗೆ ಸುತ್ತಿದಳು, ಅದು ಒದ್ದೆಯಾಯಿತು. ನನ್ನ ಅಮ್ಮನ ತಲೆಯದನ್ನೂ ಎಳೆದು ಅದರ ಮೇಲೆ ಸುತ್ತಿದಳು. ಹಾಲಿನ ವ್ಯಾನಿನವನು ರಸ್ತೆಯಲ್ಲಿ ಹೋಗುತ್ತಿದ್ದ. ಅವನ ಪಕ್ಕದ ಸೀಟಿನಲ್ಲಿ ಗಂಡ ಹೆಂಡತಿ ಇಬ್ಬರೂ ಮುದುರಿ ಕೂತು ಆಸ್ಪತ್ರೆಗೆ ಹೋದರು. ಆಮೇಲೆ ಮಳೆ ಬಂತು. ಸಾಲಿನಲ್ಲಿದ್ದ ಹುಲ್ಲೆಲ್ಲ ನೆನೆಯಿತು, ಯಾರೂ ಅತ್ತ ನೋಡಲಿಲ್ಲ.

ದೊಡ್ಡಪ್ಪ ಆಸ್ಪತ್ರೆಯಿಂದ ಬರುವಾಗ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿದ್ದವು. ನೋಡಲು ಬಂದವರಿಂದ ಮುಂದಿನ ಕೋಣೆ ತುಂಬಿತು. ಅಜ್ಜಿ ಮಗನ ಮಂಚದ ಪಕ್ಕ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಹಣೆಬರಹ ಕಣಮ್ಮ. ಬರೆದದ್ದನ್ನ ಅಳಿಸೋಕಾಗತ್ತಾ?" ಬಂದವರೂ ಲೊಚಗುಟ್ಟಿ, ಹೌದು, ಹಣೆಬರಹ ಎನ್ನುತ್ತಿದ್ದರು. ಅಪ್ಪ ಬಾಗಿಲಿಗೆ ಒರಗಿ ನೆಲ ನೋಡುತ್ತ ನಿಂತಿದ್ದ.

ದೊಡ್ಡಮ್ಮ ಒಳಗಿನಿಂದ ಲೋಟಗಳ ತಟ್ಟೆ ಹಿಡಿದು ಬಂದಳು. ಅದನ್ನು ಕುಕ್ಕಿದ ರಭಸಕ್ಕೆ ಒಂದು ಲೋಟ ಉರುಳಿತು.

"ಹಣೆಬರಹ ಅಲ್ಲ ಅತ್ತೆ. ಬ್ಯಾಟರಿ."

"ಏನೇ ಅದು?"

"ಬ್ಯಾಟರಿ. ಅದು ಸರಿ ಇದ್ದಿದ್ರೆ ಎಂಜಿನ್ ಆರಿಸ್ತಿದ್ದ. ಎಂಜಿನ್ ಆರಿಸಿದ್ರೆ ಯಾರ ಮೊಣಕಾಲು ಎಲ್ಲಿ ತಾಕಿದ್ರೂ ಏನೂ ತಿರುಗ್ತಿರಲಿಲ್ಲ. ಇದನ್ನ ಹಣೇಲಿ ಬರೆದೋರು ಯಾರು? ಅಲ್ಲಿ ನಿಂತಿದ್ದಾನಲ್ಲ, ಅವನನ್ನ ಕೇಳಿ."

"ಬಂದೋರ ಮುಂದೆ ಮನೆ ಮಾನ ಕಳೀಬೇಡ ಕಣೇ," ಎಂದು ಅಜ್ಜಿ ಸಿಡುಕಿದಳು.

"ಬೆರಳು ಹೋಯ್ತು, ಅದಕ್ಕೆ ಯಾರೂ ನಾಚಲಿಲ್ಲ. ಮಾತಿಗೆ ಮಾನ ಹೋಯ್ತಾ?"

ಅಪ್ಪ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದು ಹೋದ. ಮಂಚದ ಮೇಲಿಂದ ದೊಡ್ಡಪ್ಪ ಕ್ಷೀಣವಾಗಿ, "ಬಿಡೇ, ನನ್ನ ತಮ್ಮ ತಾನೇ. ಬೇಕೂ ಅಂತ ಮಾಡಿದ್ನಾ?" ಎಂದ.

ದೊಡ್ಡಮ್ಮ ಗಂಡನನ್ನು ನೋಡಿದ ನೋಟ ನನಗೆ ಈಗಲೂ ಹೆದರಿಕೆ ತರುತ್ತದೆ. ಮೈದುನನ ಮೇಲಿದ್ದದ್ದಕ್ಕಿಂತ ಹೆಚ್ಚು ಸಿಟ್ಟು ಆ ಹೊತ್ತಿನಲ್ಲಿ ಅವಳಿಗೆ ಗಂಡನ ಮೇಲಿತ್ತು.

ಅವಳಿಗೆ ಬೇಕಿದ್ದದ್ದು ಒಂದೇ ವಾಕ್ಯ. ನನ್ನ ತಪ್ಪು, ಅಷ್ಟೇ. ಅಪ್ಪನ ಬಾಯಿಂದ ಅದೊಂದು ಬಿಟ್ಟು ಉಳಿದದ್ದೆಲ್ಲ ಬಂತು. ಅಣ್ಣನ ಪಾಲಿನ ಹಸುಗಳ ಹಾಲನ್ನೂ ತಾನೇ ಕರೆದ. ಅಣ್ಣನಿಗೆ ಎಡಗೈಯಲ್ಲಿ ಹಿಡಿಯಲು ಆಗುವಂತೆ ಗುದ್ದಲಿಯ ಕಾವು ಕೆತ್ತಿಕೊಟ್ಟ. ದೊಡ್ಡಮ್ಮನ ಮುಂದೆ ಸೌದೆ ತಂದು ರಾಶಿ ಹಾಕಿದ. ಅವಳು ಆ ರಾಶಿಯನ್ನು ಸುತ್ತಿ ಬಳಸಿ ಹೋಗಿ ಹಿತ್ತಿಲಿನಿಂದ ತಾನೇ ಕಡ್ಡಿ ಆರಿಸಿ ತರುತ್ತಿದ್ದಳು. ಅವನ ತಟ್ಟೆಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದೇ ಒಲೆಯ ಮನೆಯಲ್ಲಿ ಅಣ್ಣತಮ್ಮಂದಿರ ಬದಲು ಅತ್ತಿಗೆ ಮೈದುನ ಎಣ್ಣೆ ಸೀಗೆಕಾಯಿ ಆದರು. ಮಧ್ಯೆ ನಾನೂ ಅಮ್ಮನೂ, "ಉಪ್ಪು ಬೇಕಂತೆ," "ಡಬ್ಬಿಯಲ್ಲಿದೆಯಂತೆ," ಎಂದು ಪಕ್ಕದಲ್ಲೇ ಕೂತವರ ಮಾತನ್ನು ಪಕ್ಕದವರಿಗೆ ದಾಟಿಸುತ್ತಿದ್ದೆವು.

ಮರುವರ್ಷ ಹುಲ್ಲು ಮತ್ತೆ ಎದೆಮಟ್ಟ ಬೆಳೆಯಿತು. ಕೊಯ್ದದ್ದಾಯಿತು, ಒಣಗಿದ್ದೂ ಆಯಿತು. ಬೆಳಗ್ಗೆ ದೊಡ್ಡಮ್ಮ ಹೊಲಕ್ಕೆ ಹೊರಟವಳು ಇಳಿಜಾರಿನ ಹತ್ತಿರ ನಿಂತಳು. ಟ್ರ್ಯಾಕ್ಟರ್ ಅಲ್ಲೇ ನಿಂತಿತ್ತು. ಅಪ್ಪ ಸ್ಟಿಯರಿಂಗ್ ಹಿಡಿದಿದ್ದ. ಹಿಂದಿನಿಂದ ನೂಕಲು ಅಮ್ಮ, ನಾನು, ದೊಡ್ಡಪ್ಪ ಸಹ ಒಂದು ಕೈ ಕೊಟ್ಟು ನಿಂತಿದ್ದೆವು.

ಬ್ಯಾಟರಿ ಅದೇ.

ಒಂದು ವರ್ಷದ ಮೌನ ಅಲ್ಲಿಗೆ ಮುಗಿಯಿತು. "ಇಳಿ," ಎಂದಳು.

"ಅತ್ತಿಗೆ, ಬಿಸಿಲಿದೆ, ಕೆಲಸ ಮುಗಿಸಿ ಆಮೇಲೆ..."

"ಇಳಿಯೋ ಅಂದೆ! ಇನ್ನೂ ಎಷ್ಟು ಬೆರಳು ಬೇಕು ನಿಂಗೆ? ಇಲ್ಲಿ ನಿಂತೋರದ್ದೆಲ್ಲ ಸೇರಿಸಿ ಎಣಿಸ್ಕೋ, ಸಾಕಾಗತ್ತಾ ನೋಡು!"

ಅವಳು ಸಾಮಾನಿನ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದಳು. ತುಕ್ಕು ಹಿಡಿದ ನಟ್ಟು ತಿರುಗಲಿಲ್ಲ. ಸ್ಪ್ಯಾನರಿನ ಮೇಲೆ ಕಲ್ಲಿನಿಂದ ಹೊಡೆದಳು. ಕೈ ತರಚಿತು, ಬೈದುಕೊಂಡು ಇನ್ನೂ ಜೋರಾಗಿ ಹೊಡೆದಳು. ಬಿಚ್ಚಿದ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಆನಿಸಿಕೊಂಡು, ಬಸುರಿಯಂತೆ ಹಿಂದಕ್ಕೆ ವಾಲಿ ನಡೆಯುತ್ತ ಕೊಟ್ಟಿಗೆಯ ಹಿಂದಿನ ತಿಪ್ಪೆಗುಂಡಿಯ ತನಕ ಹೋಗಿ ಎತ್ತಿ ಹಾಕಿದಳು. ಅದು ಮುಳುಗುವ ತನಕ ಅಲ್ಲೇ ನಿಂತಿದ್ದಳು.

"ತಲೆ ಕೆಟ್ಟಿದೆ ಇವಳಿಗೆ!" ಎಂದು ಅಪ್ಪ ಕೂಗಾಡಿದ. "ಹುಲ್ಲನ್ನ ಈಗ ಯಾರು ಕಟ್ತಾರೆ? ಇವಳ ಅಪ್ಪ ಬರ್ತಾನಾ?"

"ಈ ಗಾಡಿನ ಇನ್ನು ಯಾರೂ ನೂಕಲ್ಲ. ನಾನು ಕಟ್ತೀನಿ. ನೀನೂ ಕಟ್ತೀಯ. ನಿನಗೆ ಹತ್ತು ಬೆರಳಿದೆಯಲ್ಲ!"

ಕಟ್ಟಿದೆವು. ಹೊಲದ ಹುಲ್ಲನ್ನೆಲ್ಲ ಕೈಯಲ್ಲೇ ಕಂತೆ ಕಟ್ಟಿ, ತಲೆಯ ಮೇಲೆ ಹೊತ್ತು ಅಟ್ಟಕ್ಕೆ ಏರಿಸಿದೆವು. ಹುಲ್ಲಿನ ಪುಡಿ ಬೆವರಿಗೆ ಅಂಟಿ ಮೈಯೆಲ್ಲ ಉರಿಯಿತು. ಹಾಲಿನ ವ್ಯಾನಿನವನು ರಸ್ತೆಯಿಂದ, "ಏನ್ರೀ, ಯಂತ್ರ ಬಿಟ್ಟು ಮ್ಯೂಸಿಯಂ ಮಾಡ್ತಿದ್ದೀರಾ?" ಎಂದು ನಕ್ಕ. ದೊಡ್ಡಮ್ಮ ಅವನ ಕಡೆಗೆ ಎಸೆದ ಮಣ್ಣುಹೆಂಟೆ ವ್ಯಾನಿನ ಬಾಗಿಲಿಗೆ ತಾಕಿತು. ಸಿಡಿಮದ್ದು ಎಂಬ ಹೆಸರನ್ನು ಹಬ್ಬಿಸಿದವನು ಅವನೇ. ಕೆಲಸ ಮುಗಿದ ವಾರವೇ ಅಪ್ಪ ಪೇಟೆಗೆ ಹೋಗಿ ಹೊಸ ಬ್ಯಾಟರಿ ತಂದ. ಅದನ್ನು ಕೂರಿಸಿ, ಕೀಲಿಕೈ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದ.

ದೊಡ್ಡಮ್ಮ ಆ ಕೀಲಿಕೈಯನ್ನು ಹಿಂದಿರುಗಿಸಲಿಲ್ಲ. ಗ್ಯಾರೇಜಿನವನಿಂದ ಟ್ರ್ಯಾಕ್ಟರ್ ಕಲಿತಳು. ಮೊದಲ ದಿನವೇ ಬೇಲಿ ಮುರಿದು, "ಈ ಬೇಲಿ ಯಾರಪ್ಪಾ ಇಲ್ಲಿ ಹಾಕಿದ್ದು!" ಎಂದು ಬೇಲಿಗೇ ಬೈದಳು. ಅಲ್ಲಿಂದ ಮುಂದೆ ಅವಳು ಓಡಿಸಿದಳು, ಅಪ್ಪ ಹಿಂದೆ ನಡೆದ. ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆರಿಸಿ, ಕೀಲಿ ಕಿತ್ತು, ಕೆಳಗಿಳಿದು, ಆ ಕೀಲಿಯನ್ನು ಅಪ್ಪನ ಕೈಯಲ್ಲಿಟ್ಟ ಮೇಲೇ ಅವನು ಬೇಲರಿನ ಹತ್ತಿರ ಹೋಗಬೇಕು. ಪ್ರತಿ ಸಲವೂ ಹೀಗೇ. ಪ್ರತಿ ಸಲವೂ ಅವಳು ಅವನ ಮುಖ ನೋಡುತ್ತಿದ್ದಳು, ಅವನು ನೋಡುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ಹೋದವು. ಅಜ್ಜಿ ತೀರಿಕೊಂಡಳು. ಒಂದು ಮಧ್ಯಾಹ್ನ, ಬೇಲರ್ ಸಿಕ್ಕಿಕೊಂಡಾಗ ದೊಡ್ಡಮ್ಮ ಎಂದಿನಂತೆ ಕೀಲಿ ಚಾಚಿದಳು. ಅಪ್ಪ ತೆಗೆದುಕೊಳ್ಳಲಿಲ್ಲ.

"ನಂದೇ ತಪ್ಪು ಅತ್ತಿಗೆ," ಎಂದ. "ಆ ದಿನ ಆರಿಸಬೇಕಿತ್ತು. ನೂಕೋಕೆ ಬೇಜಾರಾಗಿ ಆರಿಸಲಿಲ್ಲ."

ದೊಡ್ಡಮ್ಮ ಕರಗುತ್ತಾಳೆ ಎಂದುಕೊಂಡೆ. ಅವಳ ಮುಖ ಇನ್ನೂ ಕೆಂಪಾಯಿತು. "ನನ್ನ ಹತ್ರ ಯಾಕೆ ಹೇಳ್ತೀಯ? ನನ್ನ ಬೆರಳು ಇಲ್ಲೇ ಇದೆ. ಅಲ್ಲಿ ಹೇಳು, ಹೋಗು!" ಎಂದು ಕೊಟ್ಟಿಗೆಯ ಕಡೆ ಕೈ ತೋರಿಸಿದಳು.

ದೊಡ್ಡಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಎಡಗೈಯಿಂದ ಪೆಂಡಿಗಳನ್ನು ಎಳೆದು ಜೋಡಿಸುತ್ತಿದ್ದ. ಅಪ್ಪ ಹೋಗಿ ಎದುರಿಗೆ ನಿಂತು ಅದೇ ಮಾತು ಹೇಳಿದ. ಯಾವಾಗಲೂ "ಬಿಡೋ" ಎನ್ನುತ್ತಿದ್ದ ಮನುಷ್ಯ ಪೆಂಡಿಯನ್ನು ಕೆಳಗೆ ಬಿಟ್ಟ. ಎರಡೇ ಬೆರಳಿನ ಬಲಗೈ ಎತ್ತಿ ತಮ್ಮನ ಕೆನ್ನೆಗೆ ಹೊಡೆದ. ಮತ್ತೆ ಹೊಡೆದ.

"ಈಗ ನೆನಪಾಯ್ತಾ ನಿಂಗೆ? ಈಗ? ಅಂಗಿ ಗುಂಡಿ ಹಾಕೋಕೆ ಹೆಂಡತಿನ ಕರೀತೀನಿ ಕಣೋ ನಾನು, ದಿನಾ ಬೆಳಗ್ಗೆ! ಒಂದು ಮಾತು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ, ಕತ್ತೆ?"

ಅವನ ಗಂಟಲಿನಿಂದ ಅಂಥ ದನಿ ಬಂದದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಹಸುಗಳು ಗಾಬರಿಯಿಂದ ಹಗ್ಗ ಜಗ್ಗಿದವು. ಅಪ್ಪ ಕೆನ್ನೆ ಮುಟ್ಟಿಕೊಳ್ಳದೆ, ಹಿಂದಕ್ಕೂ ಸರಿಯದೆ ನಿಂತಿದ್ದ. ಅಮ್ಮ ಬಿಡಿಸಲು ಹೊರಟಳು. ದೊಡ್ಡಮ್ಮ ಅವಳ ರಟ್ಟೆ ಹಿಡಿದಳು. "ಸುಮ್ಮನಿರು. ಹೊಡೀಲಿ ಬಿಡು. ಇಷ್ಟು ವರ್ಷ ಅವರ ಸಿಟ್ಟನ್ನೂ ನಾನೇ ಹೊತ್ತಿದ್ದೀನಿ. ಬೆನ್ನು ನೋಯ್ತಿದೆ ನಂಗೆ."

ದೊಡ್ಡಪ್ಪನ ಉಸಿರು ತಹಬಂದಿಗೆ ಬರಲು ಹೊತ್ತು ಹಿಡಿಯಿತು. ಆಮೇಲೆ ಅವನು ಪೆಂಡಿಯ ಮೇಲೆ ಕುಸಿದು ಕೂತ. ಅಪ್ಪ ಅವನ ಕಾಲ ಬಳಿ ನೆಲದ ಮೇಲೆ ಕೂತ.

ಹೊರಗೆ ಹೊಲದಲ್ಲಿ ಹುಲ್ಲು ಹಾಗೇ ಬಿದ್ದಿತ್ತು. ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ನೀನೇನು ಬಾಯಿ ಬಿಟ್ಕೊಂಡು ನೋಡ್ತಿದ್ದೀಯ? ನಡಿ. ಬೇಲರ್ ಬಾಯಲ್ಲಿ ಸಿಕ್ಕಿರೋ ಹುಲ್ಲನ್ನ ನೀನು ಕೀಳು, ನಾನು ಓಡಿಸ್ತೀನಿ," ಎಂದು ಕೀಲಿಯನ್ನು ನನ್ನ ಅಂಗೈಗೆ ಒತ್ತಿ, ನನ್ನನ್ನು ಬೈಯುತ್ತಲೇ ಮುಂದೆ ನಡೆದಳು.